ಸಪೂರ ಆಗುವುದರ ಚರಿತ್ರೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಯಾರಾದರೂ ತೂಕ ಇಳಿಸಿಕೊಂಡು ಊರಿಗೆ ಬಂದರೆ ಮೊದಲು ಸಿಗುವುದು ಮೆಚ್ಚುಗೆಯಲ್ಲ, ವಿಚಾರಣೆ. ‘ಎಂತ ಮಗಾ, ಇಷ್ಟ್ ಸಪೂರ? ಹುಷಾರಿಲ್ಯಾ?’ ಎರಡು ವರ್ಷಗಳಲ್ಲಿ ನಾನು 92 ಕೆಜಿಯಿಂದ 75ಕ್ಕೆ ಇಳಿದೆ. ಈ ಪ್ರಶ್ನೆಯನ್ನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಲ್ಲ. ಕರಾವಳಿಯ ಗೇಣಿ ಪದ್ಧತಿಯ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆಯ ಹಿಂದೆ ಊರಿನ ನೆನಪೊಂದು ಕೂತಿರುವುದು ಕಾಣತೊಡಗಿತು. ಇಲ್ಲಿ ಸಪೂರ ಆಗುವುದಕ್ಕೆ ಬಹಳ ಕಾಲ ಎರಡೇ ಕಾರಣಗಳಿದ್ದವು: ಕಾಯಿಲೆ, ಇಲ್ಲವೇ ಹಸಿವು.

ಭತ್ತ ಬೆಳೆಯುವ ನಾಡಿನಲ್ಲಿ ಹಸಿವೆಲ್ಲಿಂದ ಬಂತು? ಉತ್ತರಕ್ಕೆ ಬಸ್ರೂರಿಗೆ ಹೋಗಬೇಕು. ವಾರಾಹಿ ದಡದ ಈ ಊರು ಒಂದು ಕಾಲದಲ್ಲಿ ಅಕ್ಕಿಯ ಬಂದರು. ಇಲ್ಲಿಂದ ಹೊರಟ ಅಕ್ಕಿ ಗೋವೆಯ ಪೋರ್ಚುಗೀಸರನ್ನು ಸಾಕಿತು, ಕಡಲು ದಾಟಿ ಅರಬ್ಬರ ಬಂದರುಗಳನ್ನೂ ಮುಟ್ಟಿತು. 1569ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದ್ದಕ್ಕೂ, 1665ರಲ್ಲಿ ಶಿವಾಜಿ ಸಮುದ್ರ ಮಾರ್ಗದಲ್ಲಿ ಬಂದು ಇದೇ ಊರನ್ನು ಕೊಳ್ಳೆ ಹೊಡೆದದ್ದಕ್ಕೂ ಕಾರಣ ಇಲ್ಲಿನ ವ್ಯಾಪಾರದ ಸಂಪತ್ತು. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಕರಾವಳಿ ಕಂಪೆನಿ ಸರ್ಕಾರದ ಕೈಸೇರಿತು. 1801ರ ಆರಂಭದಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಕೂಡ ಬರೆದುಕೊಂಡದ್ದು ಗದ್ದೆ, ಬೆಳೆ, ಗೇಣಿ, ಕಂದಾಯದ ವಿವರಗಳನ್ನೇ. ಯಾವ ಕಾಲದ ದಾಖಲೆ ತೆರೆದರೂ ಅಕ್ಕಿಯ ಲೆಕ್ಕ ಅಚ್ಚುಕಟ್ಟಾಗಿರುತ್ತದೆ.

ಈ ಲೆಕ್ಕದ ಕೆಳತುದಿಯಲ್ಲಿ ಗೇಣಿ ಒಕ್ಕಲು ಇದ್ದ. ಮೂಲಗೇಣಿಯವನಿಗೆ ನೆಲದ ಮೇಲೆ ಒಂದಿಷ್ಟು ಭದ್ರತೆ ಇತ್ತು. ಚಾಲಗೇಣಿಯವನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ಒಕ್ಕಲಿಗಿಂತ ಕೆಳಗೆ, ಗೇಣಿಯ ಹಕ್ಕೂ ಇಲ್ಲದೆ ದುಡಿಯುವ ಮೂಲದಾಳುಗಳಿದ್ದರು. ಕೊಯ್ಲು ಮುಗಿದು, ಭತ್ತ ಬೇಯಿಸಿ, ಒಣಗಿಸಿ, ಕುಟ್ಟಿ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಗಳು ಮೊದಲು ಧಣಿಯ ಮನೆಗೆ ಹೋಗುತ್ತಿದ್ದವು. ಮನೆಯಲ್ಲಿ ಉಳಿದದ್ದು ಮಳೆಗಾಲದ ನಡುವೆ ಖಾಲಿಯಾಗುತ್ತಿತ್ತು. ನಟ್ಟಿ ಮುಗಿದಿದೆ, ಹೊಸ ತೆನೆ ಬರಲು ಇನ್ನೂ ಎರಡು ತಿಂಗಳಿದೆ, ಹೊರಗೆ ಬಿಡದೆ ಸುರಿಯುವ ಮಳೆ. ಅದೇ ಆಸಾಡಿ.

ಆಗ ಒಲೆ ಮೇಲೆ ಬೇಯುತ್ತಿದ್ದದ್ದು ಚಗಟೆ ಸೊಪ್ಪು, ಕೆಸು, ಕಳಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ. ಅಕ್ಕಿ ಇದ್ದರೆ ಗಂಜಿ. ಅಕ್ಕಿ ಕಡಿಮೆಯಾದಷ್ಟೂ ತೆಳಿ ಹೆಚ್ಚು. ಮನೆಯ ಹೆಂಗಸರು ಎಲ್ಲರ ನಂತರ ಕೂತು ಪಾತ್ರೆಯ ತಳದಲ್ಲಿದ್ದದ್ದನ್ನು ಉಣ್ಣುತ್ತಿದ್ದರು. ಈಗ ಅದೇ ಆಸಾಡಿಯ ಅಮಾವಾಸ್ಯೆಯಂದು ನಾವು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತೇವೆ, ಪತ್ರೊಡೆ ತಿಂದು ಫೋಟೊ ಹಾಕುತ್ತೇವೆ. ಸಂತೋಷವೇ. ಆದರೆ ಆ ತಿನಿಸುಗಳ ಪಟ್ಟಿಯನ್ನು ಮೊದಲು ಬರೆದದ್ದು ರುಚಿಯಲ್ಲ, ಖಾಲಿಯಾದ ಅಕ್ಕಿ ಮುಡಿ.

ಈ ಚರಿತ್ರೆಯ ದೊಡ್ಡ ತಿರುವು 1974. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಗೇಣಿಯನ್ನು ಕೊನೆಗಾಣಿಸಿತು. ನಮ್ಮ ಕಡೆಯ ಹಿರಿಯರು ಇವತ್ತಿಗೂ ‘ಡಿಕ್ಲರೇಷನ್ ಹಾಕಿದ್ದು’ ಎಂದೇ ಆ ದಿನಗಳನ್ನು ನೆನೆಯುತ್ತಾರೆ. ಅರ್ಜಿ ಹಾಕಿ ಗೆದ್ದ ಒಕ್ಕಲು ತನ್ನ ಭತ್ತವನ್ನು ತನ್ನ ಮನೆಯ ಪತ್ತಾಯಕ್ಕೇ ತುಂಬಿದ. ಗೇಣಿಚೀಟಿಯೇ ಇಲ್ಲದ ಕೂಲಿಯಾಳಿಗೆ ಮಾತ್ರ ಈ ಕಾನೂನಿನಿಂದ ಸಿಕ್ಕಿದ್ದು ಸ್ವಲ್ಪವೇ. ಕೋಟದ ಶಿವರಾಮ ಕಾರಂತರು 1933ರಲ್ಲೇ ‘ಚೋಮನ ದುಡಿ’ಯಲ್ಲಿ ಕಾಣಿಸಿದ ಬೇಸಾಯದ ಆಸೆ ಹಲವರ ಪಾಲಿಗೆ ಆಸೆಯಾಗಿಯೇ ಉಳಿಯಿತು. ಅಂಥ ಮನೆಗಳಿಗೆ ಅನ್ನದ ಭರವಸೆ ಬಂದದ್ದು ಮುಂಬಯಿಯ ಹೋಟೆಲುಗಳಿಗೆ ಹೋದ ಹುಡುಗರ ಮನಿಯಾರ್ಡರಿನಿಂದ, ರೇಷನ್ ಅಂಗಡಿಯಿಂದ, 2013ರ ನಂತರ ಅನ್ನಭಾಗ್ಯದಿಂದ.

ಅನ್ನ ಬಂತು. ಅದೇ ಹೊತ್ತಿಗೆ ಕೆಲಸ ಬದಲಾಯಿತು. ಒನಕೆಯ ಜಾಗಕ್ಕೆ ಮಿಲ್ಲು, ಕೋಣಗಳ ಜಾಗಕ್ಕೆ ಟಿಲ್ಲರ್, ನಡೆಯುವ ಜಾಗಕ್ಕೆ ಸ್ಕೂಟರ್. ತೌಡು ಉಳಿದ ಕುಚ್ಚಲಕ್ಕಿಯ ಪಕ್ಕದಲ್ಲಿ ಹೊಳೆಯುವ ಬೆಳ್ತಿಗೆ ಅಕ್ಕಿ ಬಂದು ಕೂತಿತು. ಬಟ್ಟಲಿನಲ್ಲಿ ಅನ್ನದ ರಾಶಿ ಮಾತ್ರ ಹಾಗೇ ಇತ್ತು, ದಿನವಿಡೀ ಕೆಸರಿನಲ್ಲಿ ಬಗ್ಗಿ ನಟ್ಟಿ ಮಾಡುವವರಿಗೆ ಬಡಿಸಿದ ಹಾಗೆ. ನಾನು ಉಣ್ಣುತ್ತಿದ್ದದ್ದು ಅಜ್ಜನ ಊಟ, ಮಾಡುತ್ತಿದ್ದದ್ದು ಪತ್ರಾಗಾರದಲ್ಲಿ ಕೂತು ಕಡತ ಓದುವ ಕೆಲಸ. ತೂಕ ಇಳಿಸುವಾಗ ನಾನು ಕಲಿತ ಮೊದಲ ಪಾಠ ಇದು. ಹಾಗಾಗಿ ನಾನು ಊರಿನ ಊಟವನ್ನು ಬಿಡಲಿಲ್ಲ. ಅನ್ನ ಅರ್ಧ ಮಾಡಿದೆ, ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳು ಪಲ್ಯ, ಹುರಿಯದ ಮೀನು. ಸಂಜೆ ಕೋಡಿಯ ಕಡಲತೀರದಲ್ಲಿ ಒಂದು ಗಂಟೆ ನಡಿಗೆ. ತಿಂಗಳಿಗೆ ಒಂದು ಕೆಜಿಯೂ ಇಳಿಯಲಿಲ್ಲ. ಆದರೆ ಇಳಿದದ್ದು ಮತ್ತೆ ಏರಲಿಲ್ಲ.

ಎರಡನೆಯ ಪಾಠ ಅಳತೆಯದ್ದು. ಎಲ್ಲರೂ ಲೆಕ್ಕ ಹಾಕುವ ಬಿಎಂಐ ಸೂತ್ರವನ್ನು 1832ರಲ್ಲಿ ಕೊಟ್ಟವನು ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟ್ಲೆ. ಅವನಿಗೆ ಬೇಕಿದ್ದದ್ದು ಸರಾಸರಿ ಮನುಷ್ಯನ ಚಿತ್ರ, ರೋಗದ ಗುರುತಲ್ಲ. ಅದಕ್ಕೆ ಈಗಿನ ಹೆಸರು ಕೊಟ್ಟವನು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ. ಇದೇ ಕೀಸ್ ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಿನ್ನೆಸೋಟದಲ್ಲಿ ಸ್ವಯಂಪ್ರೇರಿತರಾಗಿ ಬಂದ 36 ಯುವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಹಸಿವನ್ನು ಅಧ್ಯಯನ ಮಾಡಿದ್ದ. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಮನಸ್ಸಿನಲ್ಲಿ ಊಟದ ಹೊರತು ಬೇರೇನೂ ಉಳಿಯಲಿಲ್ಲ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಪ್ರಯೋಗ ಮುಗಿದ ಮೇಲೂ ಎಷ್ಟು ಉಂಡರೂ ತೃಪ್ತಿಯಿಲ್ಲ ಎಂದವರಿದ್ದರು. ಇದನ್ನು ಓದಿದ ಮೇಲೆ, ಬೇಡವೆಂದರೂ ಇನ್ನೊಂದು ಸೌಟು ಬಡಿಸುವ ನಮ್ಮ ಅಜ್ಜಿಯಂದಿರ ಕೈ ನನಗೆ ಅರ್ಥವಾಯಿತು. ಎಷ್ಟೋ ಆಸಾಡಿಗಳನ್ನು ಕಂಡ ಕೈ ಅದು.

170 ಸೆಂಟಿಮೀಟರ್ ಎತ್ತರದ ನನ್ನ ಬಿಎಂಐ ಈಗ ಸುಮಾರು 26. ಭಾರತೀಯರಿಗೆಂದು 2009ರಲ್ಲಿ ತಜ್ಞರು ಶಿಫಾರಸು ಮಾಡಿದ ಮಿತಿಯಲ್ಲಿ 25 ದಾಟಿದರೆ ಸ್ಥೂಲಕಾಯ. ಹಾಗಾಗಿ ವೈದ್ಯರ ಪಟ್ಟಿಯಲ್ಲಿ ನಾನಿನ್ನೂ ದಪ್ಪ, ಊರವರ ಕಣ್ಣಿಗೆ ಕಾಯಿಲೆಯವನು. ಎರಡೂ ಅಳತೆಗಳಿಗೆ ಅವುಗಳದೇ ಕಾಲ, ಅವುಗಳದೇ ಭಯ ಇದೆ.

ಹಸಿದಿರಬೇಕೋ ಬೇಡವೋ ಎಂದು ನಾನು ತೀರ್ಮಾನಿಸಬಹುದು. ಡಬ್ಬಿಯಲ್ಲಿ ಅಕ್ಕಿ ಇರುವುದರಿಂದಲೇ ಅದನ್ನು ಶಿಸ್ತು ಎನ್ನಬಹುದು. ಗೇಣಿ ಕಟ್ಟಿದವರ ಮನೆಯಲ್ಲಿ ಅದಕ್ಕೆ ಆ ಹೆಸರಿರಲಿಲ್ಲ. ನಾನು ಓದುವ ಗೇಣಿಚೀಟಿಗಳಲ್ಲಿ ಮುಡಿ, ಕಳಸಿಗೆ, ಸೇರುಗಳ ಲೆಕ್ಕವಿದೆ. ಆ ಅಕ್ಕಿ ಬೆಳೆದು, ಕುಟ್ಟಿ, ಕಟ್ಟಿಕೊಟ್ಟವರು ಎಷ್ಟು ತೂಗುತ್ತಿದ್ದರೆಂದು ಯಾರೂ ಬರೆದಿಟ್ಟಿಲ್ಲ. ಅದನ್ನು ಬಲ್ಲ ಕೆಲವು ಹಿರಿಯರು ನಮ್ಮ ಮೂರೂ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಮುಂದಿನ ಮಳೆಗಾಲದೊಳಗೆ ಅವರ ಬಳಿ ಕೂತು ಆಸಾಡಿಯ ಮಾತು ಬರೆದುಕೊಳ್ಳಬೇಕು. ನಿಮ್ಮ ಮನೆಯಲ್ಲೂ ಅಂಥವರಿದ್ದರೆ, ಪತ್ರೊಡೆಯ ಪಾಕದ ಜೊತೆಗೆ ಅದನ್ನೂ ಕೇಳಿಟ್ಟುಕೊಳ್ಳಿ.