ಮನೀ ಜೋಡಿ ಬಂದ ಬಾಗಲಾ

ಹೋದ ಸಲ ಜ್ವಾಳಕ್ಕ ಬೀಳೋ ಹುಳದ ಬಗ್ಗೆ ಬರದಿದ್ದೆ. ಈ ಸಲ ಬ್ಯಾರೇ ಥರದ ಹುಳಾ.

ಮೊನ್ನೆ ಎದುರುಮನಿ ವೈನಿ ಫೋನ್ ಹಿಡಕೊಂಡು ಬಂದು, "ಅಪ್‌ಡೇಟ್ ಮಾಡು, ಅಪ್‌ಡೇಟ್ ಮಾಡು ಅಂತ ಇದು ಜೀವಾ ತಿನ್ನಾಕತ್ತದ, ಬಂದ್ ಮಾಡಿ ಕೊಡವಾ" ಅಂದ್ರು. ನಾ ಬಂದ್ ಮಾಡಿ ಕೊಡಲಿಲ್ಲ. ಯಾಕ ಕೊಡಲಿಲ್ಲ ಅಂತ ಹೇಳಬೇಕಂದ್ರ ನಮ್ಮ ಮನೀ ಒಂದು ಹಳೇ ನೋವು ಹೇಳಬೇಕು. ಇಷ್ಟ ದಿವಸ ಇಲ್ಲಿ ಬರದಿಲ್ಲ ಅದನ್ನ.

2009ನೇ ಇಸ್ವಿ. ನನ್ನ ಮಗಾ ಬಿಜಾಪುರದಾಗ ಡಿಗ್ರಿ ಓದತಿದ್ದ. ಮನ್ಯಾಗ ಕಂಪ್ಯೂಟರ್ ಇರಲಿಲ್ಲ. ತಾಸಿಗೆ ಇಪ್ಪತ್ತು ರೂಪಾಯಿ ಕೊಟ್ಟು ಊರಾಗಿನ ಒಂದು ಇಂಟರ್ನೆಟ್ ಅಂಗಡ್ಯಾಗ ಕುಂತು ಮೇಲ್ ನೋಡತಿದ್ದ. ಆ ಬ್ಯಾಸಗ್ಯಾಗ ಪುಣೇದಾಗಿರೋ ನಮ್ಮ ದೊಡ್ಡಣ್ಣಗ ಅವನ ಹೆಸರಿನಿಂದ ಒಂದು ಮೇಲ್ ಹೋತು. "ಮಾಮಾ, ಪ್ರಯಾಣದಾಗ ಪಾಕೀಟ ಕಳಕೊಂಡೀನಿ, ಈ ಖಾತೆಕ್ಕ ರೊಕ್ಕಾ ಹಾಕ್ರಿ, ಅವ್ವಗ ಹೇಳಬ್ಯಾಡ್ರಿ" ಅಂತ. ಅಣ್ಣ ಎಂಟು ಸಾವಿರ ಹಾಕಿದ. ದಸರಾಕ್ಕ ಬಂದಾಗ ಆ ಮಾತು ತಗದ. ಮಗಾ, "ನಾ ಬರದೇ ಇಲ್ಲ" ಅಂದ. ಅಣ್ಣ, "ನಿನ್ನ ಹೆಸರಿಲೆ, ನಿನ್ನ ಮೇಲಿನಿಂದನ ಬಂದದಲ್ಲೋ" ಅಂದ. ಮಾತಿಗೆ ಮಾತು ಬೆಳೀತು. ಅಣ್ಣ ಊಟಾ ಮಾಡದನ ಎದ್ದು ಹೋದ. ಬಡಿಸಿದ ಹೋಳಗಿ ತಾಟಿನ್ಯಾಗ ಹಂಗ ಇತ್ತು.

ಆಮ್ಯಾಲ ಮಗನ ಗೆಳ್ಯಾ ಒಬ್ಬಾವ, ಎಂಜಿನಿಯರಿಂಗ್ ಓದಾವ, ಆ ಅಂಗಡೀ ಕಂಪ್ಯೂಟರ್ ನೋಡಿ ನಕ್ಕನಂತ. ನಾಕು ವರ್ಷದಿಂದ ಒಂದ ಒಂದು ಅಪ್‌ಡೇಟ್ ಆಗಿರಲಿಲ್ಲ. ಅದರಾಗ ಇದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ 6. ಬಡದ ಅಕ್ಷರ ಅಕ್ಷರ ಬರಕೊಳ್ಳೋ ಹುಳಾ ಅದರೊಳಗ ಇತ್ತು. ನಮ್ಮ ಕಳುವು ಅದರಿಂದನ ಆತು ಅಂತ ಯಾರೂ ಸಾಬೀತು ಮಾಡಲಿಲ್ಲ ಬಿಡ್ರಿ. ಆದ್ರ ಅವತ್ತಿನಿಂದ ಈ ಎಕ್ಸ್‌ಪ್ಲೋರರ್ ಅಂದ್ರೇನು, ಎಲ್ಲಾರೂ ಅದನ್ನ ಯಾಕ ಇಟ್ಟಕೊಂಡಿದ್ರು ಅನ್ನೂದು ನನ್ನ ತಲ್ಯಾಗ ಕುಂತುಬಿಡ್ತು. ಸಿಕ್ಕಾಗೆಲ್ಲಾ ಓದತೀನಿ, ಮಗನ್ನ ಕೇಳತೀನಿ.

ಬ್ರೌಸರ್ ಅಂದ್ರ ಬಾಗಲಾ. ನಮ್ಮ ಫೋನು, ಕಂಪ್ಯೂಟರ್ ಮನಿ ಅಂದ್ರ, ಹೊರಗಿನ ಜಗತ್ತು ಒಳಗ ಬರೂದು ಈ ಬಾಗಲದಿಂದ. ಮೊದಮೊದಲು ಈ ಬಾಗಲಾ ನಾವ ಆರಿಸಿ ತರಬೇಕಾಗಿತ್ತು. 1994ರಾಗ ಬಂದ ನೆಟ್‌ಸ್ಕೇಪ್ ಅನ್ನೂದು ಆಗ ದೊಡ್ಡ ಹೆಸರು. 1995ರಾಗ ಮೈಕ್ರೋಸಾಫ್ಟಿನವರು ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂದ್ರು. ಮುಂದ ಅದನ್ನ ವಿಂಡೋಸ್ ಜೋಡಿನ ಪುಕಟ ಕೊಟ್ರು. ಮನೀ ಕೊಂಡ್ರ ಬಾಗಲಾ ಹಚ್ಚೇ ಬರತದಂದ ಮ್ಯಾಲ ಬಡಗ್ಯಾನ ಹಂತ್ಯಾಕ ಯಾರು ಹೋಗ್ತಾರ? ಅಮೇರಿಕಾ ಸರಕಾರ ಇದಕ್ಕಂತನ 1998ರಾಗ ಮೈಕ್ರೋಸಾಫ್ಟ್ ಮ್ಯಾಲ ಕೋರ್ಟಿಗೆ ಹೋತು. ಕೋರ್ಟಿನ್ಯಾಗ ತಾರೀಖ ಬೀಳೂದ್ರಾಗ ನೆಟ್‌ಸ್ಕೇಪಿನ ಅಂಗಡೀ ಅರ್ಧಾ ಖಾಲಿ ಆಗಿತ್ತು. ಆದ್ರ ಅದ 1998ರಾಗ ನೆಟ್‌ಸ್ಕೇಪಿನವರು ಒಂದು ಚಲೋ ಕೆಲಸಾ ಮಾಡಿದ್ರು. ತಮ್ಮ ಬ್ರೌಸರಿನ ಒಳಗಿನ ಬರವಣಿಗಿ ಎಲ್ಲಾ ಊರಿಗೆ ಬಿಚ್ಚಿ ಇಟ್ರು, ಬೇಕಾದವರು ತಿದ್ದಕೊಳ್ರಿ ಅಂತ. ಅದರಿಂದ ಹುಟ್ಟಿದ್ದು ಮೊಜಿಲ್ಲಾ.

2001ರಾಗ ಎಕ್ಸ್‌ಪ್ಲೋರರ್ 6 ಬಂತು. ಆಗ ಜಗತ್ತಿನ್ಯಾಗ ನೂರು ಮಂದ್ಯಾಗ ತೊಂಬತ್ತಕ್ಕಿಂತ ಹೆಚ್ಚು ಮಂದಿ ಎಕ್ಸ್‌ಪ್ಲೋರರನ್ನ ಬಳಸತಿದ್ರು. ಎದುರಿಗೆ ಯಾರೂ ಇಲ್ಲಾ ಅಂದ ಮ್ಯಾಲ ಮುಂದಿನ ಐದು ವರ್ಷ ಮೈಕ್ರೋಸಾಫ್ಟಿನವರು ಹೊಸ ಆವೃತ್ತಿನ ತರಲಿಲ್ಲ. ಒಬ್ಬನ ಗಿರಣಿ ಇರೋ ಊರಾಗ ಹಿಟ್ಟು ಹೆಂಗ ಬೀಸ್ತಾರ ನಿಮಗ ಗೊತ್ತದ.

ಅದರಾಗ ಒಂದು ಮೂಲ ದೋಷ ಇತ್ತು. ಆಕ್ಟಿವ್‌ಎಕ್ಸ್ ಅಂತ ಒಂದು ಏರ್ಪಾಡು ಮಾಡಿದ್ರು. ಯಾವ ಜಾಲತಾಣ ನೋಡತೀರೋ ಅದು ತನ್ನ ಪ್ರೋಗ್ರಾಮನ್ನ ನಿಮ್ಮ ಕಂಪ್ಯೂಟರಿಗೆ ತಂದು ಓಡಸಬಹುದು. ಅನುಕೂಲ ಹೌದು. ಆದ್ರ ಬಳಿ ಮಾರಾಕ ಬಂದಾಕಿನ್ನ ಕಟ್ಟೀ ಮ್ಯಾಲ ಕುಂಡ್ರಸೂದು ಬಿಟ್ಟು ಸೀದಾ ಅಡಗಿಮನೀಗೆ ಬಿಟ್ಟಂಗ. ಮ್ಯಾಲ ಈ ಎಕ್ಸ್‌ಪ್ಲೋರರ್ ವಿಂಡೋಸಿನ ಗ್ವಾಡೀಗೆ ಬೆಸದು ಕುಂತಿತ್ತು. ಬಾಗಲಾ ಮುರೀತು ಅಂದ್ರ ಗ್ವಾಡೀನೂ ಬೀಳೂದ.

2004ರ ಜೂನ್ ತಿಂಗಳಾಗ ಬಿತ್ತು. ಡೌನ್‌ಲೋಡ್ ಜೆಕ್ಟ್ ಅಂತ ಆ ದಾಳಿ ಹೆಸರು. ಕಳ್ಳರು ಮೊದಲು ಮರ್ಯಾದಸ್ತ ಜಾಲತಾಣಗಳ ಒಳಗ ಹೊಕ್ಕು ಅಲ್ಲಿ ಹುಳಾ ಬಿಟ್ರು. ಎಕ್ಸ್‌ಪ್ಲೋರರಿಂದ ಆ ಪುಟಾ ತಗದ್ರ ಸಾಕು, ಏನೂ ಒತ್ತಬೇಕಾಗಿಲ್ಲ, ಹುಳಾ ಬಂದು ಸೇರಿ ಪಾಸ್‌ವರ್ಡ್ ಬರಕೊಂಡು ಕಳಸತಿತ್ತು. "ನಮ್ಮ ಮಕ್ಕಳು ಕೆಟ್ಟದ್ದು ನೋಡೂದಿಲ್ಲ, ನಮಗೇನಾಗತದ" ಅಂತ ನಾವ ಅಂತೀವಲ್ಲಾ, ಆ ಮಾತು ಅಲ್ಲಿಗೆ ಸುಳ್ಳಾತು. ಅಮೇರಿಕಾದ ಸರಕಾರಿ ಕಂಪ್ಯೂಟರ್ ಭದ್ರತಾ ಸಂಸ್ಥೆನ ತನ್ನ ಸಲಹಾದಾಗ ಬ್ಯಾರೇ ಬ್ರೌಸರ್ ಬಳಸೂದೂ ಒಂದು ದಾರಿ ಅಂತ ಬರೀತು.

ಹೊತ್ತಿಗೆ ಸರಿಯಾಗಿ 2004ರ ನವೆಂಬರ್ 9ಕ್ಕ ಫೈರ್‌ಫಾಕ್ಸ್ 1.0 ಬಂತು. ನೆಟ್‌ಸ್ಕೇಪ್ ಬಿಚ್ಚಿಟ್ಟ ಗಂಟಿನಿಂದ ಕಟ್ಟಿದ್ದು. ಇದರಾಗ ಆಕ್ಟಿವ್‌ಎಕ್ಸ್ ಇರಲಿಲ್ಲ. ಜಾಹೀರಾತಿಗೆ ರೊಕ್ಕಾ ಇಲ್ಲ ಅಂತ ಬಳಸೋ ಮಂದೀನ ಪಟ್ಟಿ ಎತ್ತಿ, ಡಿಸೆಂಬರಿನ್ಯಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕಾದಾಗ ಎರಡು ಪುಟದ ಜಾಹೀರಾತು ಹಾಕಿಸಿದ್ರು. ಕೊಟ್ಟವರ ಸಾವಿರಾರು ಹೆಸರು ಸಣ್ಣ ಅಕ್ಷರದಾಗ ಅದರೊಳಗ ಅಚ್ಚಾಗಿದ್ದವು. ಗುಡೀ ಕಲ್ಲಿನ ಮ್ಯಾಲ ದೇಣಗಿದಾರರ ಹೆಸರು ಕೆತ್ತಸ್ತಾರಲ್ಲ, ಹಂಗ. ನನಗ ಈ ಸಂಗತಿ ಭಾಳ ಸೇರತದ.

ಹಂಗಾದ್ರ ಐದು ವರ್ಷ ಆದಮ್ಯಾಲೂ ನಮ್ಮೂರ ಅಂಗಡ್ಯಾಗ ಎಕ್ಸ್‌ಪ್ಲೋರರ್ 6 ಯಾಕ ಕುಂತಿತ್ತು?

ಅಂಗಡ್ಯಾವರದು ಅಷ್ಟ ತಪ್ಪು ಅಂತ ನಾ ಅನ್ನಂಗಿಲ್ಲ. ಆಗ ಎಲ್ಲಾ ಕಡೆ ವಿಂಡೋಸ್ ಅಂದ್ರ ನಕಲೀ ಸೀಡಿ. 2006ರಿಂದ ವಿಂಡೋಸ್ ತಾನ ಹುಡಕಿ "ಇದು ಅಸಲಿ ಅಲ್ಲ" ಅಂತ ಪರದೇ ಮ್ಯಾಲ ತೋರಸಲಿಕ್ಕೆ ಹತ್ತಿತು. ಅದಕ್ಕಂಜಿ ಮಂದಿ ಅಪ್‌ಡೇಟ್ ಪೂರಾ ಬಂದ್ ಮಾಡಿಟ್ರು. ಅಂದ್ರ ಕೀಲಿ ರಿಪೇರಿ ಮಾಡಾವನೂ ಒಳಗ ಬರಂಗಿಲ್ಲ. ಅದ ವರ್ಷ ಬಂದ ಎಕ್ಸ್‌ಪ್ಲೋರರ್ 7 ಭದ್ರ ಇತ್ತು, ಆದ್ರ ಅಸಲೀ ವಿಂಡೋಸ್ ಇದ್ದವರಿಗೆ ಅಷ್ಟ. ಒಂದು ವರ್ಷ ಆದ ಮ್ಯಾಲ, 2007ರ ಅಕ್ಟೋಬರಿನ್ಯಾಗ, ಆ ಕಟ್ಟು ಬಿಚ್ಚಿದ್ರು. ಫೈರ್‌ಫಾಕ್ಸ್ ಮಾತ್ರ ಮೊದಲಿಂದನೂ ಯಾರ ಜಾತಕಾನೂ ಕೇಳತಿರಲಿಲ್ಲ.

ಇನ್ನೊಂದು ಕಾರಣ ನಮ್ಮ ಕನ್ನಡದ್ದ. ಆಗ ಕನ್ನಡ ಜಾಲತಾಣ ಕೆಲವು ತಮ್ಮ ತಮ್ಮವ ಅಕ್ಷರ ಹಾಕತಿದ್ದವು. ಅವು ಎಕ್ಸ್‌ಪ್ಲೋರರಿನ್ಯಾಗ ಮಾತ್ರ ನೆಟ್ಟಗ ಕಾಣತಿದ್ದವು, ಬ್ಯಾರೇದ್ರಾಗ ತಗದ್ರ ಇರಿವಿ ಹರದಂಗ. ಸರಕಾರೀ ಪುಟದ ತಳದಾಗೂ "ಎಕ್ಸ್‌ಪ್ಲೋರರಿನ್ಯಾಗ ನೋಡ್ರಿ" ಅಂತ ಬರದಿರತಿತ್ತು. ಎಲ್ಲಾರೂ ಒಂದ ಯೂನಿಕೋಡ್ ಅಕ್ಷರಕ್ಕ ಬಂದ ಮ್ಯಾಲ ಕನ್ನಡ ಓದಲಿಕ್ಕೆ ಯಾವ ಬಾಗಲಾ ಆದ್ರೂ ನಡದೀತು ಅನ್ನೂದಾತು.

2010 ಬಂತು. ಜನವರ್ಯಾಗ ಗೂಗಲ್ ಕಂಪನೀನ ತನ್ನ ಮನೀಗೆ ಕನ್ನಾ ಬಿದ್ದದ ಅಂತ ಹೇಳಕೊಂಡಿತು. ಕನ್ನಾ ಕೊರದದ್ದು ಎಕ್ಸ್‌ಪ್ಲೋರರಿನ ತೂತಿನಿಂದ. ಜರ್ಮನಿ, ಫ್ರಾನ್ಸ್ ಸರಕಾರದ ಭದ್ರತಾ ಸಂಸ್ಥೆಗಳು "ತೂತು ಮುಚ್ಚೂತನಕ ಬ್ಯಾರೇ ಬ್ರೌಸರ್ ಬಳಸ್ರಿ" ಅಂತ ತಮ್ಮ ಮಂದೀಗೆ ಬಾಯಿಬಿಟ್ಟು ಹೇಳಿದವು. ಈ ತೂತು ಎಂಥಾದ್ದು ಅಂತ ಮಗಾ ನನಗ ತಿಳಿಸಿ ಹೇಳಿದ. ಬಾಡಗಿದಾರ ಮನಿ ಖಾಲಿ ಮಾಡಿ ಹೋಗ್ಯಾನ. ಬ್ರೌಸರ್ ಆ ವಿಳಾಸ ಹೊಡದು ಹಾಕೂದು ಮರತದ. ಆ ಖಾಲಿ ಮನ್ಯಾಗ ಕಳ್ಳ ಬಂದು ಕುಂತಾನ. ಬ್ರೌಸರ್ ಹಳೇ ರೂಢಿಲೆ ಹೋಗಿ, "ಮುಂದೇನು ಮಾಡ್ಲಿ?" ಅಂತ ಕೇಳತದ. ಕಳ್ಳ ಹೇಳಿದಂಗ ಮಾಡತದ. ಇಷ್ಟ. ಇಂಥಾ ಮರವು ಇವತ್ತಿಗೂ ಎಲ್ಲಾ ಬ್ರೌಸರಿನ್ಯಾಗೂ ಸಿಗತಾವ.

ಅದ ವರ್ಷ ಜುಲೈದಾಗ ನಮ್ಮ ಬೆಂಗಳೂರಾಗ ಒಂದು ಬ್ರೌಸರ್ ಹುಟ್ಟಿತು! ಹಿಡನ್ ರಿಫ್ಲೆಕ್ಸ್ ಅನ್ನೋ ಕಂಪನೀದು, ಹೆಸರು ಎಪಿಕ್. ಭಾರತದ ಮೊದಲನೇ ಬ್ರೌಸರ್ ಅಂತ ಹೇಳಿದ್ರು. ಒಳಗ ವೈರಸ್ ಹುಡಕೋ ಏರ್ಪಾಡು, ಕನ್ನಡಾ ಸೇರಿ ನಮ್ಮ ಭಾಷಾದಾಗ ಬರಿಯೋ ಅನುಕೂಲ, ಎಲ್ಲಾ ಇತ್ತು. ಒಳಗಿನ ಹಿಟ್ಟು ಫೈರ್‌ಫಾಕ್ಸಿಂದ, ಹೂರಣ ನಮ್ಮದು. 2013ರಾಗ ಅದನ್ನ ಮತ್ತ ಹೊಸದಾಗಿ ಕಟ್ಟಿ, ನಾವು ಏನ್ ನೋಡತೀವಿ ಅನ್ನೂದು ಬ್ಯಾರೇವ್ರಿಗೆ ತಿಳೀಬಾರದು ಅನ್ನೋ ಗುರಿ ಇಟ್ರು. ಈ ಸಲದ ಹಿಟ್ಟು ಗೂಗಲ್‌ನ ಕ್ರೋಮಿಯಂದು. ನಮ್ಮ ಕಡೆ ಅದರ ಹೆಸರು ಕೇಳಿದವರು ಕಡಿಮಿ. ಬೆಂಗಳೂರಾಗ ಆದದ್ದು ನಮ್ಮ ತನಕ ಬರೂದು ಯಾವಾಗಲೂ ತಡಾನ.

2014ರ ಏಪ್ರಿಲ್ 8ಕ್ಕ ವಿಂಡೋಸ್ ಎಕ್ಸ್‌ಪಿಗೆ ರಿಪೇರಿ ನಿಂತಿತು. ಅದ ತಿಂಗಳ ಕಡೀಕ ಎಕ್ಸ್‌ಪ್ಲೋರರಿನ 6ರಿಂದ 11ರ ತನಕ ಎಲ್ಲಾದ್ರಾಗೂ ಒಂದು ತೂತು ಹೊರಬಿತ್ತು. ಮೈಕ್ರೋಸಾಫ್ಟಿನವರು ಮೇ 1ಕ್ಕ ತ್ಯಾಪಿ ಹಚ್ಚಿದ್ರು, ರಿಪೇರಿ ಮುಗದದ ಅಂದಿದ್ದ ಎಕ್ಸ್‌ಪಿಗೂ ಹಚ್ಚಿದ್ರು. ಆ ವರ್ಷ ನವೆಂಬರ್ 1ಕ್ಕ ನಮ್ಮ ಬಿಜಾಪುರ ವಿಜಯಪುರ ಆತು. ಬೋರ್ಡ್ ಬದಲಾದಷ್ಟು ಲಗೂನ ಅಂಗಡಿ ಕಂಪ್ಯೂಟರ್ ಬದಲಾಗಲಿಲ್ಲ ಅಂತ ಮಗಾ ಈಗೂ ನಗತಾನ.

ಕಡೀಕ 2022ರ ಜೂನ್ 15ಕ್ಕ ಎಕ್ಸ್‌ಪ್ಲೋರರ್ ಕಣ್ಣುಮುಚ್ಚಿತು. ಈಗ ಕ್ರೋಮ್‌ದ ಕಾಲ. ಮೈಕ್ರೋಸಾಫ್ಟಿನ ಎಡ್ಜ್ ಸುದ್ದಾ 2020ರಿಂದ ಕ್ರೋಮಿಯಂ ಹಿಟ್ಟಿನ ಮ್ಯಾಲನ ನಿಂತದ. ಹೆಸರು ನಾಕು, ಗಿರಣಿ ಒಂದ. ಅಲ್ಲಿ ಒಂದು ಹಳ್ಳು ಸೇರಿದ್ರ ನಾಕೂ ಮನೀ ರೊಟ್ಟ್ಯಾಗ ಸಿಗತದ. ಅದಕ್ಕ ನಮ್ಮ ಸರಕಾರದ ಸರ್ಟ್-ಇನ್ ಸಂಸ್ಥೆ ಆಗಾಗ "ಕ್ರೋಮ್ ಅಪ್‌ಡೇಟ್ ಮಾಡಕೊಳ್ರಿ" ಅಂತ ಎಚ್ಚರಿಕಿ ಕೊಡತಿರತದ. ವೈನಿ ಫೋನಿನ್ಯಾಗ ಜೀವಾ ತಿನ್ನತಿದ್ದ ಅಪ್‌ಡೇಟೂ ಇಂಥಾದ್ದ. ಕುಂತು ಮಾಡಿಸಿದೆ, ಒಂದು ಚಹಾ ಕುಡಿಯೂದ್ರಾಗ ಮುಗೀತು.

ವೈನಿ ಹೋದ ಮ್ಯಾಲ ಪುಣೇಕ್ಕ ಫೋನ್ ಹಚ್ಚಿದೆ. ಅವ್ವ ತೀರಿಕೊಂಡಾಗ ಅಣ್ಣ ಬಂದಿದ್ದ, ನನ್ನ ಜೋಡಿ ಮಾತು ಶುರು ಆಗಿತ್ತು. ಮಗನ ಸುದ್ದಿ ಮಾತ್ರ ಇಬ್ಬರೂ ತಗೀತಿರಲಿಲ್ಲ. "ಅಣ್ಣಾ, ನಿನ್ನ ಕಂಪ್ಯೂಟರಿನ್ಯಾಗ ಯಾವ ಬ್ರೌಸರ್ ಅದ?" ಅಂತ ಕೇಳಿದೆ. "ಅದ, ನೀಲೀ ಇ ಅಕ್ಷರದ್ದು. ನನಗ ಅದ ರೂಢಿ" ಅಂದ. ವಿಂಡೋಸ್ 7 ಅಂತ. ಅದರ ರಿಪೇರಿ 2020ರ ಜನವರ್ಯಾಗ ನಿಂತದ, ಹೊಸಾ ಕ್ರೋಮ್ 2023ರಿಂದ ಅದರ ಮ್ಯಾಲ ಬರಂಗಿಲ್ಲ. ಬಾಗಲಾ ಅಷ್ಟ ಬದಲ ಮಾಡಿದ್ರ ನಡಿಯಂಗಿಲ್ಲ, ಗ್ವಾಡೀನೂ ಹೊಸಾದು ಆಗಬೇಕು. ಪಿಂಚಣಿ ರೊಕ್ಕಾ ನೋಡೂದು ಆ ಕಂಪ್ಯೂಟರಿನ್ಯಾಗನ ಅಂತ. ನನಗ ಎದೀ ಝಲ್ ಅಂತು.

"ಯಾರರೆ ತಿಳದಾವ ಬಂದು ಮಾಡಿಕೊಟ್ರ ಚಲೋ" ಅಂದ. ನಾ ಸುಮ್ಮನಿದ್ದೆ. ಆಮ್ಯಾಲ ಅವನ, "ಅಳ್ಯಾಗ ಪುರಸೊತ್ತು ಅದ ಏನ?" ಅಂತ ಕೇಳಿದ.

ಮಗಾ ಶನಿವಾರ ರಾತ್ರಿ ಬಸ್ಸಿಗೆ ಪುಣೇಕ್ಕ ಹೊಂಟಾನ. ಆ ದಸರಾದ ಮ್ಯಾಲ ಮಾಮಾನ ಮನೀ ಮೆಟ್ಟಲಾ ಹತ್ತೂದು ಇದ ಮೊದಲು. ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟೀನಿ. ಹೋಳಗಿ ನಾಳೆ ಮಾಡಬೇಕು.