ಗುರಿ ಮಂಡಳಿಗೆ, ಹಾದಿ ಸಿಬ್ಬಂದಿಗೆ? ಸೇವಾಸಂಸ್ಥೆಗಳ ವಾರ್ಷಿಕ ಯೋಜನೆಯಲ್ಲಿ ಕಾರ್ವರ್ ಸೂತ್ರದ ಮಿತಿ

ಲಾಭೋದ್ದೇಶವಿಲ್ಲದ ಸಂಸ್ಥೆಯ ವಾರ್ಷಿಕ ಯೋಜನೆಯಲ್ಲಿ ಆಡಳಿತ ಮಂಡಳಿಯ ಕೆಲಸ ಎಲ್ಲಿಗೆ ಮುಗಿಯುತ್ತದೆ, ಸಿಬ್ಬಂದಿಯ ಕೆಲಸ ಎಲ್ಲಿಂದ ಶುರುವಾಗುತ್ತದೆ? ಈ ಪ್ರಶ್ನೆಗೆ ಅತ್ಯಂತ ಖಚಿತವಾದ ಉತ್ತರ ಕೊಟ್ಟವರು ಅಮೆರಿಕದ ಜಾನ್ ಕಾರ್ವರ್. ಅವರ ‘ಬೋರ್ಡ್ಸ್ ದಟ್ ಮೇಕ್ ಎ ಡಿಫರೆನ್ಸ್’ (1990) ಕೃತಿಯ ಪ್ರಕಾರ ಯಾರಿಗೆ, ಯಾವ ಪ್ರಯೋಜನ, ಎಷ್ಟು ಬೆಲೆಗೆ ಎಂಬ ಗುರಿಗಳನ್ನು ಮಂಡಳಿ ನಿರ್ಧರಿಸಬೇಕು. ಹಾದಿಯನ್ನು ಕಾರ್ಯನಿರ್ವಾಹಕರಿಗೆ ಬಿಟ್ಟು, ಅವರು ಏನು ಮಾಡಕೂಡದು ಎಂಬುದನ್ನಷ್ಟೇ ಬರೆದಿಡಬೇಕು. ಬಜೆಟ್ಟಿನ ಸಾಲುಸಾಲಿಗೂ ಮಂಡಳಿ ಒಪ್ಪಿಗೆ ಕೊಡುವ ರೂಢಿಯನ್ನು ಅವರು ಟೀಕಿಸಿದ್ದು ಈ ತತ್ವದ ಮೇಲೆಯೇ. ಈ ವಿಂಗಡಣೆ ಭಾರತದ ನೋಂದಾಯಿತ ಸೇವಾಸಂಸ್ಥೆಗಳ ಯೋಜನಾ ವರ್ಷದಲ್ಲಿ ಒಂದು ನಿರ್ದಿಷ್ಟ ಜಾಗದಲ್ಲಿ ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ಉಳಿದ ಅಧ್ಯಯನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಾನ್ ಬ್ರೈಸನ್ 1988ರಲ್ಲಿ ಸಾರ್ವಜನಿಕ ಮತ್ತು ಸೇವಾಸಂಸ್ಥೆಗಳಿಗೆ ಹಂತಹಂತದ ಯೋಜನಾ ಕ್ರಮವನ್ನು ರೂಪಿಸಿದರು. ಹೆನ್ರಿ ಮಿಂಟ್ಸ್‌ಬರ್ಗ್ 1994ರಲ್ಲಿ ವಿಧ್ಯುಕ್ತ ಯೋಜನೆಯ ಮೇಲಿನ ಅತಿನಂಬಿಕೆಯನ್ನು ಕಟುವಾಗಿ ವಿಮರ್ಶಿಸಿದರು. ಸ್ಟೋನ್, ಬಿಗೆಲೋ ಮತ್ತು ಕ್ರಿಟೆಂಡನ್ ಅವರ 1999ರ ಸಮೀಕ್ಷೆ, ಸಂಸ್ಥೆಗಳು ಯೋಜನೆಗೆ ಕೈಹಾಕಲು ದಾನಿಗಳ ಷರತ್ತೂ ಒಂದು ಕಾರಣವೆಂದು ಗುರುತಿಸಿತು. ಚೈಟ್, ರಯಾನ್ ಮತ್ತು ಟೇಲರ್ 2005ರಲ್ಲಿ ಮಂಡಳಿಯ ಕೆಲಸವನ್ನು ವಿಶ್ವಸ್ತ, ಕಾರ್ಯತಂತ್ರ, ಸೃಜನ ಎಂಬ ಮೂರು ನೆಲೆಗಳಲ್ಲಿ ವಿವರಿಸಿದರು. ಮಂಡಳಿ ದೈನಂದಿನ ಆಡಳಿತಕ್ಕೆ ಕೈಹಾಕಬಾರದು ಎಂಬುದರಲ್ಲಿ ಬಹುತೇಕ ಸಹಮತವಿದೆ. ಈ ಲೇಖನವೂ ಅದನ್ನು ಒಪ್ಪುತ್ತದೆ. ತಕರಾರು ಇರುವುದು ಗೆರೆ ಎಳೆದ ಜಾಗದ ಬಗ್ಗೆ.

ನಮ್ಮ ಯೋಜನಾ ವರ್ಷದ ಚೌಕಟ್ಟು ಸಂಸ್ಥೆಗಳು ತಾವೇ ಆರಿಸಿಕೊಂಡದ್ದಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ ವಾರ್ಷಿಕ ಸರ್ವಸದಸ್ಯರ ಸಭೆಯನ್ನು ಕಡ್ಡಾಯ ಮಾಡಿದೆ. ಆದಾಯ ತೆರಿಗೆ ವಿನಾಯಿತಿ ಬೇಕಿದ್ದರೆ ವರ್ಷದ ಆದಾಯದ ಶೇ. 85ನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸಬೇಕು. 2025ರ ಹೊಸ ತೆರಿಗೆ ಕಾಯಿದೆ ಕಲಮುಗಳ ಸಂಖ್ಯೆ ಬದಲಿಸಿದರೂ ಈ ತತ್ವವನ್ನು ಉಳಿಸಿಕೊಂಡಿದೆ. ನ್ಯಾಯಾಲಯಗಳ ವ್ಯಾಖ್ಯಾನ ಬೆಳೆದದ್ದು 1961ರ ಕಾಯಿದೆಯ ಮೇಲಾದ್ದರಿಂದ ಮುಂದಿನ ಚರ್ಚೆ ಅದನ್ನೇ ಆಧರಿಸಿದೆ.

ಕಾರ್ವರ್ ಪರ ವಹಿಸುವವರು ಇಲ್ಲಿ ಆಕ್ಷೇಪ ಎತ್ತಬಹುದು: ಶೇ. 85 ಎಂಬುದು ಕಾನೂನು ಹಾಕಿದ ಮಿತಿ. ಮಂಡಳಿ ಅದನ್ನು ಕಾರ್ಯನಿರ್ವಾಹಕರ ಮೇಲಿನ ಷರತ್ತುಗಳ ಪಟ್ಟಿಗೆ ಸೇರಿಸಿದರೆ ಮುಗಿಯಿತು. ಮೇಲ್ನೋಟಕ್ಕೆ ಇದು ಸಮರ್ಥ ಉತ್ತರ. ಮಿತಿಯನ್ನು ಮುಟ್ಟಲಾಗದ ವರ್ಷದಲ್ಲಿ ಏನಾಗುತ್ತದೆ ಎಂದು ನೋಡಿದಾಗ ಅದರ ಕೊರತೆ ಕಾಣುತ್ತದೆ.

ಉದಾಹರಣೆಗೆ, ಒಂದು ಕೋಟಿ ರೂಪಾಯಿ ಆದಾಯದ ಸಂಸ್ಥೆಯೊಂದನ್ನು ಕಲ್ಪಿಸಿಕೊಳ್ಳೋಣ. ಫೆಬ್ರವರಿ ಮಧ್ಯದ ಹೊತ್ತಿಗೆ 60 ಲಕ್ಷ ಖರ್ಚಾಗಿದೆ. ಮಾರ್ಚ್ 31ರೊಳಗೆ ಇನ್ನೂ 25 ಲಕ್ಷ ವಿನಿಯೋಗವಾಗಬೇಕು. ಸಿಬ್ಬಂದಿ ಆರು ವಾರದಲ್ಲಿ ಅದನ್ನು ಖರ್ಚು ಮಾಡಲು ಹೊರಟರೆ ತರಬೇತಿ ಶಿಬಿರ, ಸಾಮಗ್ರಿ ಖರೀದಿ ಎಲ್ಲವೂ ಮಾರ್ಚಿಗೆ ಬಂದು ಬೀಳುತ್ತವೆ. ಇದು ಬೇಡವಾದರೆ ಮರುವರ್ಷ ವಿನಿಯೋಗಿಸುತ್ತೇವೆಂದು ನಮೂನೆ 9ಎ ಸಲ್ಲಿಸಬಹುದು. ಗರಿಷ್ಠ ಐದು ವರ್ಷದವರೆಗೆ ಕೂಡಿಡುವುದಾದರೆ ನಮೂನೆ 10 ಸಲ್ಲಿಸಬೇಕು.

ಈ ನಮೂನೆ 10 ಇಲ್ಲಿಯ ಮುಖ್ಯ ಸಾಕ್ಷ್ಯ. ತೆರಿಗೆ ಸಲಹೆಗಾರರ ಕಡತದಲ್ಲಿ ಮಾತ್ರ ಕಾಣಿಸಿಕೊಳ್ಳುವ ಈ ಹಾಳೆಯನ್ನು ಆಡಳಿತ ಚಿಂತನೆಯ ದಾಖಲೆಯಾಗಿ ಓದಬೇಕು. ಟ್ರಸ್ಟಿಗಳು ಅಥವಾ ಆಡಳಿತ ಮಂಡಳಿ ಇಂಥ ದಿನಾಂಕದಂದು ಠರಾವು ಮಾಡಿದ್ದಾರೆ ಎಂಬ ಹೇಳಿಕೆ ಅದರಲ್ಲಿದೆ. ಎಷ್ಟು ಮೊತ್ತ, ಯಾವ ಉದ್ದೇಶಕ್ಕೆ, ಯಾವ ವರ್ಷದವರೆಗೆ ಎಂಬುದನ್ನೂ ತುಂಬಬೇಕು. ಆ ಹಣವನ್ನು ಕಾಯಿದೆ ಹೇಳಿದ ಬಗೆಯಲ್ಲೇ ಹೂಡಬೇಕು. ಹೇಳಿದ ಉದ್ದೇಶವನ್ನು ಆಮೇಲೆ ಸಂಸ್ಥೆ ತಾನಾಗಿ ಬದಲಿಸುವಂತಿಲ್ಲ. ಕೈಮೀರಿದ ಕಾರಣಗಳಿದ್ದರೆ ತೆರಿಗೆ ಅಧಿಕಾರಿಯ ಅನುಮತಿ ಬೇಕು. ಅವಧಿಯೊಳಗೆ ಬಳಸದಿದ್ದರೆ ಅದು ತೆರಿಗೆಗೆ ಒಳಪಡುವ ಆದಾಯ.

ಉದ್ದೇಶ ನಿಗದಿಪಡಿಸುವುದು ಗುರಿಯ ವಿಷಯವೇ ತಾನೆ, ಅದು ಮಂಡಳಿಗೇ ಸೇರಿದ್ದಲ್ಲವೇ ಎಂದು ಕಾರ್ವರ್‌ವಾದಿಗಳು ಮತ್ತೆ ಕೇಳಬಹುದು. ನಿಜ. ಆದರೆ ಈ ಗುರಿ ಹುಟ್ಟಿದ ಬಗೆಯನ್ನು ಗಮನಿಸಬೇಕು. ಜನರ ಅಗತ್ಯವನ್ನು ಮೊದಲು ಅಳೆದು ಮಂಡಳಿ ಇದನ್ನು ಇಟ್ಟುಕೊಂಡದ್ದಲ್ಲ. ನೇಮಕಾತಿ ತಡವಾಯಿತು, ಕಟ್ಟಡದ ಪರವಾನಗಿ ಬರಲಿಲ್ಲ, ದಾನಿಯ ಕಂತು ಡಿಸೆಂಬರಿನಲ್ಲಿ ಬಂತು: ಇಂಥ ಹಾದಿಯ ತೊಡಕುಗಳೇ ಮುಂದಿನ ಐದು ವರ್ಷದ ಗುರಿಯೊಂದನ್ನು ಹುಟ್ಟಿಸಿವೆ. ಅದರ ಹೊಣೆ ಠರಾವಿನ ಮೂಲಕ ಮಂಡಳಿಯ ಮೇಲೆ ಬಿದ್ದಿದೆ. ಹಾದಿಯ ವಿವರ ತಿಳಿಯದ ಮಂಡಳಿ ಇಂಥ ಠರಾವನ್ನು ವಿವೇಕದಿಂದ ಮಾಡಲಾರದು. ಕಾರ್ವರ್ ಸೂತ್ರದಲ್ಲಿ ಗುರಿ ಮೊದಲು, ಹಾದಿ ನಂತರ. ಇಲ್ಲಿ ಆ ಕ್ರಮವೇ ತಿರುಗಿದೆ.

ಈ ವಾದಕ್ಕೆ ಮೂರು ಮಿತಿಗಳನ್ನು ಹಾಕಲೇಬೇಕು. ಮೊದಲನೆಯದಾಗಿ, ಉದ್ದೇಶ ಎಷ್ಟು ನಿರ್ದಿಷ್ಟವಾಗಿರಬೇಕು ಎಂಬುದರಲ್ಲಿ ನ್ಯಾಯಾಲಯಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. ಸಿಂಘಾನಿಯಾ ಚಾರಿಟಬಲ್ ಟ್ರಸ್ಟ್ ಪ್ರಕರಣದಲ್ಲಿ ಕಲ್ಕತ್ತಾ ಹೈಕೋರ್ಟ್, ಟ್ರಸ್ಟಿನ ಎಲ್ಲ ಧ್ಯೇಯಗಳನ್ನೂ ಹಾಗೇ ಪಟ್ಟಿ ಮಾಡಿದರೆ ಸಾಲದೆಂದಿತು. ಕರ್ನಾಟಕ ಹೈಕೋರ್ಟ್ 2015ರ ಎನ್‌ವಿಷನ್ಸ್ ಪ್ರಕರಣದಲ್ಲಿ ಹೆಚ್ಚು ಉದಾರವಾಗಿತ್ತು. ಉದಾರ ವ್ಯಾಖ್ಯಾನ ಗಟ್ಟಿಯಾದಷ್ಟೂ ಠರಾವು ಔಪಚಾರಿಕವಾಗಿ, ಈ ವಾದದ ಬಲ ತಗ್ಗುತ್ತದೆ. ಎರಡನೆಯದಾಗಿ, ಶೇ. 85ನ್ನು ಪ್ರತಿವರ್ಷ ನಿರಾಯಾಸವಾಗಿ ದಾಟುವ ಸಂಸ್ಥೆಗಳಿಗೆ ಇದು ಅನ್ವಯಿಸದು. ಮೂರನೆಯದಾಗಿ, ಹಾದಿಯ ಎಲ್ಲ ವಿವರವೂ ಮಂಡಳಿಗೆ ಬೇಕು ಎಂದು ಇದು ಹೇಳುವುದಿಲ್ಲ. ಠರಾವಿಗೆ ದಾರಿಮಾಡುವ ವಿವರ ಬೇಕು ಎಂದಷ್ಟೇ ಹೇಳುತ್ತದೆ.

ವಿದೇಶಿ ವಂತಿಗೆಯ ಕಾನೂನು ಇದೇ ಅಂಶವನ್ನು ಇನ್ನೊಂದು ಬದಿಯಿಂದ ಪುಷ್ಟೀಕರಿಸುತ್ತದೆ. 2010ರ ಕಾಯಿದೆಯಲ್ಲಿ ಶೇ. 50ರಷ್ಟಿದ್ದ ಆಡಳಿತ ವೆಚ್ಚದ ಮಿತಿ 2020ರ ತಿದ್ದುಪಡಿಯಲ್ಲಿ ಶೇ. 20ಕ್ಕೆ ಇಳಿಯಿತು. ಯಾವ ಖರ್ಚು ಆಡಳಿತ ವೆಚ್ಚ ಎಂಬುದನ್ನು 2011ರ ನಿಯಮಗಳ 5ನೆಯ ನಿಯಮ ವಿವರಿಸುತ್ತದೆ. ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳ ಈ ಲೆಕ್ಕದ ಹೊರಗೆ. ಕ್ಷೇತ್ರ ಮಾಹಿತಿ ಸಂಗ್ರಹಿಸುವವರ ಸಂಬಳವೂ ಹೊರಗೇ. ಆದರೆ ಸಂಸ್ಥೆ ಪ್ರಧಾನವಾಗಿ ಸಂಶೋಧನೆ ಅಥವಾ ತರಬೇತಿಯಲ್ಲಿ ತೊಡಗಿದ್ದಾಗ ಮಾತ್ರ. ಹಾಗಾಗಿ ಸಮೀಕ್ಷೆ ನಡೆಸುವ ಒಬ್ಬ ಸಿಬ್ಬಂದಿಯ ಸಂಬಳ ಯಾವ ಶೀರ್ಷಿಕೆಯಡಿ ಬರುತ್ತದೆ ಎಂಬುದು, ಸಂಸ್ಥೆ ತನ್ನ ಪ್ರಧಾನ ಕಾರ್ಯ ಯಾವುದೆಂದು ಹೇಳಿಕೊಳ್ಳುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. ಹುದ್ದೆಗಳ ಪಟ್ಟಿ ಸಿಬ್ಬಂದಿಯದು, ಧ್ಯೇಯವಾಕ್ಯ ಮಂಡಳಿಯದು ಎಂದು ಬೇರೆಬೇರೆ ಮೇಜಿನ ಮೇಲೆ ಇಟ್ಟರೆ ಎರಡೂ ತಪ್ಪುವ ಸಾಧ್ಯತೆಯಿದೆ.

ಗಡುವಿನೊಳಗೆ ಖರ್ಚು ಮಾಡಬೇಕಾದ ಒತ್ತಡವನ್ನು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವೂ ಹೆಚ್ಚಿಸಿದೆ. 2021ರ ಜನವರಿಯಿಂದ ಜಾರಿಯಲ್ಲಿರುವ ವ್ಯವಸ್ಥೆಯಂತೆ, ಮುಂದುವರಿಯುವ ಯೋಜನೆಯ ಖರ್ಚಾಗದ ಮೊತ್ತವನ್ನು ಕಂಪನಿ ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮೂರು ಹಣಕಾಸು ವರ್ಷದೊಳಗೆ ಬಳಸಬೇಕು. ಸಹಜವಾಗಿಯೇ ಕಂಪನಿಗಳು ತಮ್ಮ ಅವಸರವನ್ನು ಸಂಸ್ಥೆಗಳಿಗೆ ದಾಟಿಸುತ್ತವೆ.

ಕಾರ್ವರ್ ಅವರ ವಿಂಗಡಣೆಯನ್ನು ಇದರಿಂದ ಪೂರ್ತಿ ತಳ್ಳಿಹಾಕಬೇಕಿಲ್ಲ. ವರ್ಷದ ಬಹುಪಾಲು ಅದು ಉಪಯುಕ್ತವೇ. ವಿನಿಯೋಗದ ಕೊರತೆ ಮತ್ತು ವೆಚ್ಚದ ವರ್ಗೀಕರಣ, ಈ ಎರಡು ವಿಷಯಗಳಲ್ಲಿ ಮಾತ್ರ ಮಂಡಳಿ ಮತ್ತು ಸಿಬ್ಬಂದಿ ಒಟ್ಟಿಗೆ ಕೂತು ಯೋಜಿಸಬೇಕಾಗುತ್ತದೆ. ಅದಕ್ಕೆ ತಕ್ಕ ಕಾಲ ಅಕ್ಟೋಬರ್: ಅರ್ಧ ವರ್ಷದ ಲೆಕ್ಕ ಕೈಯಲ್ಲಿರುತ್ತದೆ, ಸರಿಪಡಿಸಲು ಇನ್ನರ್ಧ ಉಳಿದಿರುತ್ತದೆ.

ಇಲ್ಲಿಯ ವಾದ ಕಾನೂನಿನ ಪಠ್ಯವನ್ನು ಆಧರಿಸಿದ್ದು. ಮಂಡಳಿಗಳು ವಾಸ್ತವದಲ್ಲಿ ಹೇಗೆ ಠರಾವು ಮಾಡುತ್ತವೆ ಎಂಬುದು ನಡವಳಿ ಪುಸ್ತಕಗಳ ಅಧ್ಯಯನದಿಂದ ತೀರ್ಮಾನವಾಗಬೇಕು. ಪದಾಧಿಕಾರಿಗಳೇ ಕಾರ್ಯಕರ್ತರೂ ಆಗಿರುವ ಸಣ್ಣ ಸಂಘಗಳಿಗೆ ಇಡೀ ಚರ್ಚೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆಯೂ ತೆರೆದೇ ಇದೆ. ಅಲ್ಲಿಯವರೆಗೆ ಇಷ್ಟು ಹೇಳಬಹುದು: ಠರಾವಿನ ಹೊಣೆ ಮಂಡಳಿಯದಾಗಿರುವಾಗ, ಆ ಠರಾವು ಬೇಕಾಗಿ ಬಂದ ಪರಿಸ್ಥಿತಿಯ ಯೋಜನೆಯಿಂದ ಮಂಡಳಿಯನ್ನು ಹೊರಗಿಡುವುದು ಸರಿಯಲ್ಲ.