ಶಿಬಿರದ ಮನೆವಾರ್ತೆ: ಅಮೆರಿಕದ ಅಂತರ್ಯುದ್ಧದಲ್ಲಿ ಎಳೆಯ ಸಿಪಾಯಿಯ ಬದುಕು ಮತ್ತು ಸಾವು

ಅಮೆರಿಕದ ಅಂತರ್ಯುದ್ಧದ (1861–65) ಚರಿತ್ರೆಯಲ್ಲಿ ಆಂಟೀಟಮ್, ಗೆಟಿಸ್‌ಬರ್ಗ್ ಕದನಗಳಿಗೆ ಸಿಕ್ಕ ಗಮನ ಶಿಬಿರಗಳಿಗೆ ಸಿಕ್ಕಿಲ್ಲ. ಆದರೆ ಉತ್ತರದ ಒಕ್ಕೂಟ ಸೈನ್ಯದಲ್ಲಿ ಸತ್ತ ಸುಮಾರು 3,60,000 ಮಂದಿಯಲ್ಲಿ, ಗಾಯಗೊಂಡು ಆಮೇಲೆ ತೀರಿಕೊಂಡವರನ್ನೂ ಸೇರಿಸಿ, ಕದನಕ್ಕೆ ಬಲಿಯಾದವರು 1,10,000ದಷ್ಟು. ರೋಗದಿಂದ ಸತ್ತವರು ಅದರ ಎರಡರಷ್ಟು. ಸಿಪಾಯಿಯ ದಿನಗಳಲ್ಲಿ ಬಹುಪಾಲು ಕಳೆದದ್ದು ಶಿಬಿರದಲ್ಲಿ, ಸಾವು ಹೆಚ್ಚಾಗಿ ಹೊಂಚುಹಾಕಿದ್ದೂ ಅಲ್ಲೇ. ಬೆಲ್ ಅರ್ವಿನ್ ವೈಲಿ 1943 ಮತ್ತು 1952ರಲ್ಲಿ ಪ್ರಕಟಿಸಿದ ಎರಡು ಗ್ರಂಥಗಳು ಸಾಮಾನ್ಯ ಸಿಪಾಯಿಯ ಊಟ, ಆಟ, ಕಾಗದಪತ್ರಗಳನ್ನು ಬೆಳಕಿಗೆ ತಂದಮೇಲೂ ಆ ವಿವರಗಳನ್ನು ಕದನದ ನಡುವಣ ಬಿಡುವಿನ ಸಂಗತಿಗಳೆಂದೇ ಓದುವ ರೂಢಿ ಉಳಿದಿದೆ. ಇಲ್ಲಿ ನನ್ನ ವಾದ ಬೇರೆ. ಅಡುಗೆ, ನೀರು, ಒಗೆತ, ಕಕ್ಕಸಿನ ಗುಂಡಿ ಮೊದಲಾದ ಮನೆವಾರ್ತೆಯ ಕೆಲಸಗಳನ್ನು ಯಾರು ಮಾಡಿದರು, ಅದಕ್ಕೆ ಅವರಿಗೆ ಹೊತ್ತು ಯಾರು ಕೊಟ್ಟರು ಎಂಬುದು ಎಳೆಯ ಸಿಪಾಯಿಯ ಅಳಿವು ಉಳಿವನ್ನು ಬಹುಮಟ್ಟಿಗೆ ನಿರ್ಧರಿಸಿತು. ದಕ್ಷಿಣದ ವೈದ್ಯಕೀಯ ದಾಖಲೆಗಳು 1865ರ ಏಪ್ರಿಲ್‌ನಲ್ಲಿ ರಿಚ್ಮಂಡ್ ಹೊತ್ತಿ ಉರಿದಾಗ ಬಹುತೇಕ ನಾಶವಾದವು. ಹಾಗಾಗಿ ಚರ್ಚೆ ಉತ್ತರದ ಸೈನ್ಯಕ್ಕೆ ಸೀಮಿತ.

ಸೇರಿದವರಲ್ಲಿ ಹದಿನೆಂಟರ ಆಸುಪಾಸಿನ ಹಳ್ಳಿಯ ಹುಡುಗರು ಬಹಳ. ಅವರ ಮನೆಗಳಲ್ಲಿ ರೊಟ್ಟಿ ಸುಡುವುದೂ ಬಟ್ಟೆ ಒಗೆಯುವುದೂ ತಾಯಿ, ಅಕ್ಕತಂಗಿಯರ ಪಾಲಿನ ಕೆಲಸ. ಶಿಬಿರದಲ್ಲಿ ಕಹಳೆ ಅವರನ್ನು ಬೆಳಗಿನಿಂದ ಸಂಜೆಯವರೆಗೆ ಕವಾಯತಿಗೆ ಕರೆಯುತ್ತಿತ್ತು. ಒಲೆಯ ಮುಂದೆ ಕೂತು ಕಲಿಸುವವರು ಯಾರೂ ಇರಲಿಲ್ಲ. ಹನ್ನೆರಡು ಮಂದಿಗೆಂದು ರೂಪಿಸಿದ ಸಿಬ್ಲಿ ಗುಡಾರದಲ್ಲಿ ಎಷ್ಟೋ ಸಲ ಅದಕ್ಕಿಂತ ಹೆಚ್ಚು ಮಂದಿ ನಡುಗಂಬದ ಕಡೆಗೆ ಕಾಲು ಚಾಚಿ ಮಲಗುತ್ತಿದ್ದರು. ಪಡಿಯಲ್ಲಿ ಬರುತ್ತಿದ್ದದ್ದು ಗಟ್ಟಿ ಬಿಸ್ಕತ್ತು, ಉಪ್ಪು ಹಾಕಿದ ಹಂದಿಮಾಂಸ, ಒಣ ಬೀನ್ಸ್, ಕಾಫಿ. ಕಲ್ಲಿನಂಥ ಬಿಸ್ಕತ್ತನ್ನು ಬಂದೂಕಿನ ಹಿಡಿಯಿಂದ ಕುಟ್ಟಿ, ಹಂದಿಯ ಕೊಬ್ಬಿನಲ್ಲಿ ಹುರಿದು ತಿಂದರೆ ಹೊಟ್ಟೆ ಕೆಡುವುದು ಸಾಮಾನ್ಯವಾಗಿತ್ತು. ಕಕ್ಕಸಿನ ಗುಂಡಿಯವರೆಗೆ ಹೋಗಲು ಬೇಸರಪಟ್ಟು ಕೆಲವರು ಗುಡಾರದ ಹಿಂದೆಯೋ ಹೊಳೆಯ ದಂಡೆಯಲ್ಲೋ ಕೂತುಬಿಡುತ್ತಿದ್ದರು. ಕುಡಿಯುವ ನೀರೂ ಆ ಹೊಳೆಯದೇ. ಹೊತ್ತುಹೊತ್ತಿಗೆ ಕುದಿಸಿದ ಕಾಫಿ, ಯಾರಿಗೂ ಅರಿವಿಲ್ಲದೆ, ಅವರಲ್ಲಿ ಎಷ್ಟೋ ಮಂದಿಯನ್ನು ಕಾಪಾಡಿರಬೇಕು. 1863ರ ಮಾರ್ಚ್‌ನಲ್ಲಿ ಅಮೆರಿಕದ ಕಾಂಗ್ರೆಸ್ಸು ಪ್ರತಿ ಕಂಪನಿಗೂ ಸಿಪಾಯಿಗಳಿಂದಲೇ ಸರದಿಯ ಮೇಲೆ ಅಡುಗೆಯವರನ್ನು ನೇಮಿಸಬೇಕೆಂದು ಕಾಯಿದೆ ಮಾಡಿತು. ಅಡುಗೆ ಯುದ್ಧದ ಕೆಲಸವೇ ಎಂದು ಪ್ರಭುತ್ವ ಒಪ್ಪಿಕೊಳ್ಳಲು ಸುಮಾರು ಎರಡು ವರ್ಷ ಹಿಡಿಯಿತು.

ರೋಗಾಣುಗಳ ತಿಳಿವಳಿಕೆಯೇ ಇಲ್ಲದ ಕಾಲದಲ್ಲಿ ಈ ಸಾವುಗಳನ್ನು ತಡೆಯುವ ದಾರಿಯೇ ಇರಲಿಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಾಯಗಳನ್ನು ರೋಗಾಣುಗಳಿಂದ ಕಾಪಾಡುವ ಬಗೆಗಿನ ಶಸ್ತ್ರವೈದ್ಯ ಲಿಸ್ಟರನ ಪ್ರಬಂಧಗಳು ಬಂದದ್ದು 1867ರಲ್ಲಿ. ಆದರೆ ವರ್ಜೀನಿಯಾದ ಫಾಲ್ಮತ್ ಬಳಿಯ ಚಳಿಗಾಲದ ಶಿಬಿರ ಬೇರೆ ಮಾತು ಹೇಳುತ್ತದೆ. 1862ರ ಡಿಸೆಂಬರಿನಲ್ಲಿ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಸೋತು ಈ ಶಿಬಿರದಲ್ಲಿ ಬೀಡುಬಿಟ್ಟ ಉತ್ತರದ ಪೊಟೊಮ್ಯಾಕ್ ಸೈನ್ಯ ರಕ್ತಪಿತ್ತ (ಸ್ಕರ್ವಿ), ಭೇದಿ, ಜ್ವರಗಳಿಂದ ಸೊರಗಿತ್ತು. 1863ರ ಜನವರಿಯಲ್ಲಿ ದಂಡನಾಯಕನಾದ ಜೋಸೆಫ್ ಹೂಕರ್ ವಾರಕ್ಕೆ ಹಲವು ಸಲ ಮೆತ್ತನೆಯ ಬ್ರೆಡ್ಡು, ಜೊತೆಗೆ ಹಸಿ ಆಲೂಗೆಡ್ಡೆ ಅಥವಾ ಈರುಳ್ಳಿ ಸಿಗುವಂತೆ ಕಟ್ಟಪ್ಪಣೆ ಮಾಡಿದ. ವೈದ್ಯಾಧಿಕಾರಿ ಜೊನಾಥನ್ ಲೆಟರ್‌ಮನ್ ಗುಡಿಸಲುಗಳಿಗೆ ಗಾಳಿ ಬೆಳಕು, ಶಿಬಿರಕ್ಕೆ ಚೊಕ್ಕಟತನ ಬೇಕೆಂದು ಪಟ್ಟುಹಿಡಿದ. ವಸಂತದ ಹೊತ್ತಿಗೆ ರೋಗಿಗಳು ಗಮನಾರ್ಹವಾಗಿ ಕಡಿಮೆಯಾದರು. ವೈದ್ಯವಿಜ್ಞಾನ ಆ ಮೂರು ತಿಂಗಳಲ್ಲಿ ಮುಂದುವರಿದಿರಲಿಲ್ಲ, ಮನೆವಾರ್ತೆ ಸುಧಾರಿಸಿತ್ತು. ಹಳಬರಿಗೆ ರೋಗನಿರೋಧ ಬೆಳೆದದ್ದೇ ಕಾರಣ ಎನ್ನುವವರಿದ್ದಾರೆ. ಹಳ್ಳಿಹುಡುಗರನ್ನು ಮೊದಲ ತಿಂಗಳುಗಳಲ್ಲಿ ಕೆಡವಿದ ದಡಾರದ ಮಟ್ಟಿಗೆ ಅದು ಸರಿ. ರಕ್ತಪಿತ್ತಕ್ಕೆ ನಿರೋಧವೆಂಬುದಿಲ್ಲ, ತಾಜಾ ಆಹಾರವೇ ಅದರ ಮದ್ದು.

ಆಕರಗಳ ಬಗೆಗಿನ ಶಂಕೆಯೂ ನ್ಯಾಯವಾದದ್ದೇ. ಜಾನ್ ಬಿಲ್ಲಿಂಗ್ಸ್ ತನ್ನ ಪ್ರಸಿದ್ಧ ಶಿಬಿರಸ್ಮರಣೆಯನ್ನು ಪ್ರಕಟಿಸಿದ್ದು 1887ರಲ್ಲಿ. ಅಷ್ಟರಲ್ಲಿ ಹಸಿವಿನ ನೆನಪೂ ಸಿಹಿಯಾಗಿರುತ್ತದೆ. ಮನೆಗೆ ಬರೆದ ಕಾಗದಗಳು ತಾಯಿಯನ್ನು ಹೆದರಿಸದಂತೆ ಬರೆದವು. ಆದ್ದರಿಂದಲೇ 1861ರ ಜೂನ್‌ನಲ್ಲಿ ಸ್ಥಾಪನೆಯಾಗಿ ಶಿಬಿರಗಳ ಚೊಕ್ಕಟತನವನ್ನು ಪರಿಶೀಲಿಸುತ್ತಿದ್ದ ಸ್ಯಾನಿಟರಿ ಕಮಿಷನ್ನಿನ ತನಿಖಾ ವರದಿಗಳಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಯಾರ ತಾಯಿಗೂ ಬರೆದವಲ್ಲದ ಆ ವರದಿಗಳೂ ಅದೇ ಗುಂಡಿ, ಅದೇ ಚರಂಡಿ, ಅದೇ ಬಾಣಲೆಯ ಮಾತನ್ನೇ ಆಡುತ್ತವೆ.

ಹಾಗಾದರೆ ಇದು ಹುಡುಗರ ಸೋಮಾರಿತನದ ಕಥೆಯೇ? ಅಲ್ಲವೆಂಬುದಕ್ಕೆ ಕಪ್ಪು ಸಿಪಾಯಿಗಳ ಪಾಡೇ ಸಾಕ್ಷಿ. ಸೇರಿದ ಸುಮಾರು 1,80,000 ಮಂದಿಯಲ್ಲಿ ಕದನದಲ್ಲಿ ಸತ್ತವರಿಗಿಂತ ರೋಗದಿಂದ ಸತ್ತವರು ಹತ್ತರಷ್ಟಾದರೂ ಇದ್ದರು. ಗುಲಾಮಗಿರಿಯಿಂದ ಬಂದ ಎಷ್ಟೋ ಮಂದಿಗೆ ಅಡುಗೆಯೂ ಒಗೆತವೂ ಚೆನ್ನಾಗಿ ಗೊತ್ತಿತ್ತು. ಆದರೆ ಕಂದಕ ತೋಡುವ, ಮೂಟೆ ಹೊರುವ ಕೆಲಸ ಅವರ ಮೇಲೆ ಮಿತಿಮೀರಿ ಬಿತ್ತು. ತಮ್ಮ ಶಿಬಿರವನ್ನು ನೋಡಿಕೊಳ್ಳಲು ಹೊತ್ತು ಉಳಿಯಲಿಲ್ಲ. ಬಿಳಿಯರಿಗೆ ತಿಂಗಳಿಗೆ 13 ಡಾಲರ್ ಸಂಬಳ ಇದ್ದಾಗ ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಮುರಿತ. ವೈದ್ಯರ ಕೊರತೆ, ಜವುಗುನೆಲದ ಕಾವಲುಗಳೂ ಕಾರಣಗಳಿರಬಹುದು, ನಿಜ. ಆದರೆ ಅಂಥ ನೆಲಕ್ಕೆ ಅವರನ್ನು ಕಳಿಸಿದ್ದೂ ಸೇನೆಯ ತೀರ್ಮಾನವೇ. ಇಂಥ ಕೂಲಿಕೆಲಸವನ್ನು ಕಪ್ಪು, ಬಿಳಿ ದಳಗಳಿಗೆ ಸಮನಾಗಿ ಹಂಚಬೇಕೆಂದು ಸೇನಾಧಿಕಾರಿ ಲೊರೆಂಜೊ ಥಾಮಸ್ ಆಜ್ಞೆ ಹೊರಡಿಸಿದ್ದು 1864ರ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಯುದ್ಧ ನಾಲ್ಕನೆಯ ಬೇಸಿಗೆಗೆ ಕಾಲಿಟ್ಟಿತ್ತು.